ಪಾದರಸದಲ್ಲಿ ಸಿಕ್ಕ ಸೊನ್ನೆ

1868ರ ಆಗಸ್ಟ್ 18ರ ಪೂರ್ಣ ಸೂರ್ಯಗ್ರಹಣ ನೋಡಲೆಂದೇ ಫ್ರಾನ್ಸಿನ ಖಗೋಳಜ್ಞ ಪಿಯರ್ ಜಾನ್ಸೆನ್ ಆಂಧ್ರದ ಗುಂಟೂರಿಗೆ ಬಂದು ದೂರದರ್ಶಕ ಹೂಡಿದ್ದರು. ಚಂದ್ರನ ಮರೆಯಿಂದ ಚಿಮ್ಮುತ್ತಿದ್ದ ಸೂರ್ಯನ ಅಂಚಿನ ಜ್ವಾಲೆಗಳ ಬೆಳಕನ್ನು ರೋಹಿತದರ್ಶಕದಲ್ಲಿ ಬಿಡಿಸಿ ನೋಡಿದವರಿಗೆ ಆ ಗ್ರಹಣದಲ್ಲಿ ಒಂದು ಹಳದಿ ಗೆರೆ ಕಂಡಿತು. ಸೋಡಿಯಂ ಇರಬೇಕು ಎಂದುಕೊಂಡರು. ಅದೇ ವರ್ಷ ಇಂಗ್ಲೆಂಡಿನ ನಾರ್ಮನ್ ಲಾಕ್ಯರ್ ಆ ಗೆರೆಯ ಜಾಗವನ್ನು ಎಚ್ಚರದಿಂದ ಅಳೆದರು. ಸೋಡಿಯಮ್ಮಿನ ಗೆರೆಗೂ ಇದಕ್ಕೂ ಕೂದಲೆಳೆಯ ವ್ಯತ್ಯಾಸವಿತ್ತು. ಭೂಮಿಯಲ್ಲಿ ಯಾರೂ ಕಂಡಿರದ ಧಾತುವೊಂದು ಸೂರ್ಯನಲ್ಲಿದೆ ಎಂಬ ತೀರ್ಮಾನಕ್ಕೆ ಅವರು ಬಂದರು. ಹೀಲಿಯಂ ನಮಗೆ ಪರಿಚಯವಾದದ್ದು ಹೀಗೆ. ವಿಲಿಯಂ ರ‍್ಯಾಮ್ಸೆ ಅದನ್ನು ನೆಲದ ಖನಿಜವೊಂದರಿಂದ ಹೊರತೆಗೆದದ್ದು 1895ರಲ್ಲಿ.

ಅತಿವಾಹಕತೆಯ, ಅಂದರೆ ವಿದ್ಯುತ್ತಿಗೆ ಒಂದಿಷ್ಟೂ ರೋಧವಿಲ್ಲದ ಸ್ಥಿತಿಯ ಕಥೆ ಹೇಳುವವರು ಸಾಮಾನ್ಯವಾಗಿ 1911ರಿಂದ ಶುರುಮಾಡುತ್ತಾರೆ. ನನಗೆ ಈ ಹಳದಿ ಗೆರೆಯಿಂದ ಶುರುಮಾಡುವುದೇ ಸರಿ ಅನ್ನಿಸುತ್ತದೆ. ಹೀಲಿಯಂ ಇಲ್ಲದೆ ಆ ಕಥೆಯೇ ಇಲ್ಲ ಎಂಬುದು ಒಂದು ಕಾರಣ. ಇನ್ನೊಂದು, ಒಂದು ಶತಮಾನಕ್ಕೂ ಮೀರಿದ ಈ ವಿಜ್ಞಾನದುದ್ದಕ್ಕೂ ಲಾಕ್ಯರ್ ಮಾಡಿದಂಥ ಕೆಲಸವೇ ಮತ್ತೆ ಮತ್ತೆ ಬಾಗಿಲು ತೆರೆದಿದೆ. ಎಲ್ಲರೂ ಗೊತ್ತಿದೆ ಎಂದುಕೊಂಡಿದ್ದನ್ನು ಯಾರೋ ಒಬ್ಬರು ಕುಳಿತು ಅಳೆದು ನೋಡಿದ್ದಾರೆ.

ಹಾಲೆಂಡಿನ ಲೈಡನ್ ವಿಶ್ವವಿದ್ಯಾಲಯದ ಹೈಕೆ ಕ್ಯಾಮರ್ಲಿಂಗ್ ಓನ್ಸ್ ಪ್ರಾಧ್ಯಾಪಕರಾದದ್ದು 1882ರಲ್ಲಿ. ಅಳತೆಯ ಮೂಲಕವೇ ಅರಿವು ಎಂಬ ಮಾತನ್ನು ಪ್ರತಿ ಪ್ರಯೋಗಾಲಯದ ಬಾಗಿಲ ಮೇಲೂ ಬರೆಸಬೇಕು ಎಂದು ತಮ್ಮ ಮೊದಲ ಉಪನ್ಯಾಸದಲ್ಲೇ ಹೇಳಿದ್ದರು. ಆ ಕಾಲದ ಪ್ರಾಧ್ಯಾಪಕರಂತೆ ಎರಡು ಕೋಣೆ, ನಾಲ್ಕು ಉಪಕರಣ ಇಟ್ಟುಕೊಂಡು ಅವರು ಕೂರಲಿಲ್ಲ. ಪಂಪುಗಳು, ಸಂಪೀಡಕಗಳು, ಗಾಜಿನ ಕೆಲಸದ ಒಲೆಗಳು ತುಂಬಿದ ಒಂದು ಕಾರ್ಖಾನೆಯನ್ನೇ ಕಟ್ಟಿದರು. ಉಪಕರಣ ತಯಾರಿಸುವ ಹುಡುಗರನ್ನು ಪಳಗಿಸಲು ಲೈಡನ್ನಿನಲ್ಲಿ ಶಾಲೆ ತೆರೆಯಿಸಿದರು. ಆ ಶಾಲೆ ಇಂದಿಗೂ ನಡೆಯುತ್ತಿದೆ. ನೀಲಿ ಸಮವಸ್ತ್ರದ ಈ ಹುಡುಗರ ಜೊತೆಗೆ ಮುಖ್ಯ ತಂತ್ರಜ್ಞ ಗೆರಿಟ್ ಫ್ಲಿಮ್, ಗಾಜಿನ ಕುಶಲಕರ್ಮಿ ಆಸ್ಕರ್ ಕೆಸ್ಸೆಲ್‌ರಿಂಗ್ ಇದ್ದರು. ಇವರ ಕೈಚಳಕವಿಲ್ಲದೆ ಓನ್ಸ್ ಅವರ ಹೆಸರು ಪಠ್ಯಪುಸ್ತಕ ಸೇರುತ್ತಿರಲಿಲ್ಲ.

1908ರ ಜುಲೈ 10. ನಸುಕಿನಲ್ಲೇ ಕೆಲಸ ಶುರು. ಅಮೆರಿಕದ ನಾರ್ತ್ ಕೆರೊಲಿನಾದಿಂದ ತರಿಸಿದ ಮೊನಜೈಟ್ ಮರಳನ್ನು ಕಾಯಿಸಿ ಸಂಗ್ರಹಿಸಿದ್ದ ಹೀಲಿಯಂ ಅನಿಲವನ್ನು ದ್ರವ ಹೈಡ್ರೋಜನ್ನಿನಲ್ಲಿ ತಣಿಸಿ, ಹಿಗ್ಗಿಸಿ, ಮತ್ತೆ ತಣಿಸಿ, ಸಂಜೆಯ ಹೊತ್ತಿಗೆ ಒಂದು ಸಣ್ಣ ಲೋಟದಷ್ಟು, ಸುಮಾರು 60 ಮಿಲಿಲೀಟರ್ ದ್ರವ ಹೀಲಿಯಂ ಪಡೆದರು. ತಾಪ ಮೈನಸ್ 269 ಡಿಗ್ರಿ ಸೆಲ್ಸಿಯಸ್. ಅಂದರೆ, ಇದಕ್ಕಿಂತ ಕೆಳಗೆ ಹೋಗಲಾಗದು ಎನ್ನುವ ಮೈನಸ್ 273.15 ಡಿಗ್ರಿಯನ್ನು ಸೊನ್ನೆಯಾಗಿ ಎಣಿಸುವ ಕೆಲ್ವಿನ್ ಲೆಕ್ಕದಲ್ಲಿ 4.2. ಮುಂದಿನ 15 ವರ್ಷ, ಟೊರೊಂಟೊದಲ್ಲಿ ಇನ್ನೊಂದು ಯಂತ್ರ ಸಿದ್ಧವಾಗುವವರೆಗೂ, ದ್ರವ ಹೀಲಿಯಂ ಜಗತ್ತಿನಲ್ಲಿ ಲೈಡನ್ ಒಂದರಲ್ಲೇ ಸಿಗುತ್ತಿತ್ತು.

ಅಷ್ಟು ಚಳಿಯಲ್ಲಿ ಲೋಹದ ವಿದ್ಯುತ್ ರೋಧ ಏನಾಗುತ್ತದೆ? ಅಂದಿನ ದೊಡ್ಡವರಲ್ಲಿ ಒಮ್ಮತವಿರಲಿಲ್ಲ. ಎಲೆಕ್ಟ್ರಾನುಗಳು ಹೆಪ್ಪುಗಟ್ಟಿ ರೋಧ ಅಪಾರವಾಗಿ ಏರುತ್ತದೆ ಎಂದು ಲಾರ್ಡ್ ಕೆಲ್ವಿನ್ ಊಹಿಸಿದ್ದರು. ನಿಧಾನವಾಗಿ ಇಳಿದು ಸೊನ್ನೆ ಮುಟ್ಟುತ್ತದೆ ಎಂದವರಿದ್ದರು. ಕಲ್ಮಶಗಳಿಂದಾಗಿ ಒಂದು ಮಟ್ಟದಲ್ಲಿ ನಿಂತುಬಿಡುತ್ತದೆ ಎಂದವರೂ ಇದ್ದರು. ಓನ್ಸ್ ಪ್ಲಾಟಿನಂ, ಚಿನ್ನ ಅಳೆದು ನೋಡಿ, ಮತ್ತೆ ಮತ್ತೆ ಭಟ್ಟಿಯಿಳಿಸಿ ಶುದ್ಧ ಮಾಡಬಹುದಾದ ಪಾದರಸಕ್ಕೆ ಬಂದರು. ಅದನ್ನು ಕೂದಲಿನಂಥ ಗಾಜಿನ ನಳಿಕೆಗಳಲ್ಲಿ ತುಂಬಿ ಹೆಪ್ಪುಗಟ್ಟಿಸಿದರು.

1911ರ ಏಪ್ರಿಲ್ 8ರಂದು ಪಂಪಿನ ಬಳಿ ಓನ್ಸ್ ಮತ್ತು ಫ್ಲಿಮ್ ಇದ್ದರು. ಪಂಪಿನ ನಡುಕ ತಟ್ಟದಂತೆ ದೂರದ ಕತ್ತಲ ಕೋಣೆಯಲ್ಲಿ ಗ್ಯಾಲ್ವನೋಮೀಟರ್ ಮುಂದೆ ಕುಳಿತಿದ್ದವರು ಗಿಲ್ಸ್ ಹೋಲ್ಸ್ಟ್ ಎಂಬ ಯುವಕ. ಮಧ್ಯಾಹ್ನ ನಾಲ್ಕರ ಸುಮಾರಿಗೆ ಪಾದರಸದ ರೋಧ ಅಳತೆಗೇ ಸಿಗದಷ್ಟು ಕುಸಿದಿರುವುದು ಅವರಿಗೆ ಕಂಡಿತು. ಮುಂದಿನ ವಾರಗಳಲ್ಲಿ ಮತ್ತೆ ಮತ್ತೆ ಅಳೆದಾಗ ಚಿತ್ರ ಇನ್ನೂ ವಿಚಿತ್ರವಾಯಿತು. ರೋಧ ನಿಧಾನವಾಗಿ ಇಳಿಯುತ್ತಿರಲಿಲ್ಲ, 4.2 ಕೆಲ್ವಿನ್ ಬಳಿ ಒಮ್ಮೆಲೇ ಮಾಯವಾಗುತ್ತಿತ್ತು. ಹೀಗಾಗಬಹುದು ಎಂದು ಯಾವ ಸಿದ್ಧಾಂತವೂ ಹೇಳಿರಲಿಲ್ಲ. ಒತ್ತಡ ನೋಡಿಕೊಳ್ಳಬೇಕಿದ್ದ ನೀಲಿ ಸಮವಸ್ತ್ರದ ಹುಡುಗ ತೂಕಡಿಸಿದ್ದರಿಂದ ತಾಪ ಏರಿ ಈ ಜಿಗಿತ ಪತ್ತೆಯಾಯಿತು ಎಂಬ ಕಥೆ ಬಹುಕಾಲ ಚಲಾವಣೆಯಲ್ಲಿತ್ತು. ಓನ್ಸ್ ಅವರ ದಿನಚರಿಯ ಪುಸ್ತಕಗಳನ್ನು ಸುಮಾರು 15 ವರ್ಷಗಳ ಹಿಂದೆ ಓದಿದವರಿಗೆ ಅಂಥ ಯಾವ ಘಟನೆಯೂ ಸಿಗಲಿಲ್ಲ. ಅಲ್ಲಿದ್ದದ್ದು ಬರೀ ಶಿಸ್ತಿನ ಅಳತೆ.

ಪ್ರಬಂಧಗಳು ಓನ್ಸ್ ಒಬ್ಬರ ಹೆಸರಿನಲ್ಲೇ ಬಂದವು. 1913ರಲ್ಲಿ ನೊಬೆಲ್ ಅವರಿಗೆ ಬಂತು. ಹೋಲ್ಸ್ಟ್ ಮುಂದೆ ಫಿಲಿಪ್ಸ್ ಕಂಪನಿಯ ಸಂಶೋಧನಾಲಯ ಕಟ್ಟಿ ದೊಡ್ಡ ಹೆಸರು ಮಾಡಿದರು ನಿಜ. ಆದರೂ ಆ ಸೊನ್ನೆಯನ್ನು ಮೊದಲು ಕಣ್ಣಾರೆ ಕಂಡವರ ಹೆಸರು ಆ ಪ್ರಬಂಧಗಳ ಮೇಲೆ ಇರಬೇಕಿತ್ತು.

ಸೊನ್ನೆ ಎಂದರೆ ಎಷ್ಟು ಸೊನ್ನೆ?

ಸೀಸದ ಬಳೆಯೊಂದನ್ನು ತಣಿಸಿ, ಅದರಲ್ಲಿ ವಿದ್ಯುತ್ ಹರಿಸಿ, ಬ್ಯಾಟರಿ ಕಿತ್ತುಹಾಕಿದರೆ ಪ್ರವಾಹ ಸುತ್ತುತ್ತಲೇ ಇರುತ್ತದೆ. 1914ರಲ್ಲಿ ಓನ್ಸ್ ಇದನ್ನು ಮಾಡಿ ತೋರಿಸಿದರು. ಪಕ್ಕದಲ್ಲಿಟ್ಟ ದಿಕ್ಸೂಚಿಯ ಮುಳ್ಳು ಗಂಟೆಗಟ್ಟಲೆ ಕದಲಲಿಲ್ಲ. 1960ರ ದಶಕದ ಇನ್ನಷ್ಟು ಸೂಕ್ಷ್ಮ ಅಳತೆಗಳ ಪ್ರಕಾರ ಇಂಥ ಪ್ರವಾಹ ಸವೆಯಲು ಕನಿಷ್ಠ ಒಂದು ಲಕ್ಷ ವರ್ಷ ಬೇಕು.

ಹಾಗಾದರೆ ಅತಿವಾಹಕದ ತಂತಿ ಸುತ್ತಿ ಬಲವಾದ ವಿದ್ಯುತ್ಕಾಂತ ಮಾಡಬಹುದಲ್ಲ? ಭೂಮಿಯ ಕಾಂತಕ್ಷೇತ್ರದ ಎರಡು ಲಕ್ಷ ಪಟ್ಟು, 10 ಟೆಸ್ಲಾ ಶಕ್ತಿಯ ಕಾಂತದ ಕನಸನ್ನು ಓನ್ಸ್ 1913ರಲ್ಲೇ ಬಿಚ್ಚಿಟ್ಟಿದ್ದರು. ಪಾದರಸ, ಸೀಸ, ತವರ ಮೂರೂ ಕೈಕೊಟ್ಟವು. ಒಂದು ಮಿತಿ ದಾಟಿದ ಪ್ರವಾಹವಾಗಲಿ ಕಾಂತಕ್ಷೇತ್ರವಾಗಲಿ ಅತಿವಾಹಕತೆಯನ್ನೇ ಕೊಲ್ಲುತ್ತದೆ, ಸೀಸದ ಮಟ್ಟಿಗೆ ಟೆಸ್ಲಾದ ಹತ್ತನೇ ಒಂದು ಭಾಗಕ್ಕೂ ಮೊದಲೇ. ಕನಸು ಅರ್ಧ ಶತಮಾನ ಕಾಯಬೇಕಾಯಿತು.

ಈ ನಡುವೆ ಇಪ್ಪತ್ತೆರಡು ವರ್ಷ ಯಾರ ಕಣ್ಣಿಗೂ ಬೀಳದೆ ಉಳಿದ ಸಂಗತಿಯೊಂದಿದೆ. ರೋಧವಿಲ್ಲದ ವಾಹಕವೊಂದು ಕಾಂತಕ್ಷೇತ್ರದೊಳಗೆ ತಣಿದರೆ ಆ ಕ್ಷೇತ್ರ ಅದರೊಳಗೆ ಹಾಗೇ ಸಿಕ್ಕಿಕೊಂಡಿರಬೇಕು. ಲೆಕ್ಕ ಹಾಗೆ ಹೇಳುತ್ತಿತ್ತು. ಲೈಡನ್ನಿನವರು ಪರೀಕ್ಷಿಸಿಯೂ ಇದ್ದರು. ಆದರೆ ದುಬಾರಿ ಹೀಲಿಯಂ ಉಳಿಸಲು ಟೊಳ್ಳು ಸೀಸದ ಗೋಳ ಬಳಸಿದ್ದರಿಂದ ಉತ್ತರ ಲೆಕ್ಕಕ್ಕೆ ಹೊಂದುವಂತೆಯೇ ಬಂದಿತ್ತು. 1933ರಲ್ಲಿ ಬರ್ಲಿನ್ನಿನಲ್ಲಿ ವಾಲ್ಟರ್ ಮೈಸ್ನರ್ ಮತ್ತು ರಾಬರ್ಟ್ ಓಕ್ಸೆನ್‌ಫೆಲ್ಡ್ ಗಟ್ಟಿ ಲೋಹವನ್ನೇ ತೆಗೆದುಕೊಂಡು ಅಳೆದರು. ಅತಿವಾಹಕವಾದ ಕ್ಷಣವೇ ಲೋಹ ತನ್ನೊಡಲಿನ ಕಾಂತಕ್ಷೇತ್ರವನ್ನು ಹೊರಗೆ ತಳ್ಳಿತು! ಅತಿವಾಹಕವೆಂದರೆ ರೋಧ ಕಳೆದುಕೊಂಡ ಮಾಮೂಲು ತಂತಿಯಲ್ಲ, ನೀರು ಮಂಜುಗಡ್ಡೆಯಾಗುವಂತೆ ದ್ರವ್ಯ ತಾಳುವ ಬೇರೆಯದೇ ಸ್ಥಿತಿ ಎಂಬುದು ಅಂದು ಖಚಿತವಾಯಿತು. ಅಲ್ಲಿಂದೀಚೆಗೆ ಒಂದು ವಸ್ತು ಅತಿವಾಹಕ ಎನ್ನಲು ಎರಡು ಸಾಕ್ಷಿ ಬೇಕೇ ಬೇಕು: ರೋಧ ಸೊನ್ನೆಯಾಗಬೇಕು, ಕಾಂತಕ್ಷೇತ್ರ ಹೊರಬೀಳಬೇಕು.

ಇಡೀ ಇತಿಹಾಸದಲ್ಲಿ ನನ್ನನ್ನು ಹೆಚ್ಚು ಕಲಕುವ ಅಧ್ಯಾಯ ಇದರ ಮುಂದಿನದು. ಲೈಡನ್ನಿನಲ್ಲಿ ಪಳಗಿ ಸೋವಿಯತ್ ಒಕ್ಕೂಟದ ಖಾರ್ಕಿವ್‌ಗೆ ಮರಳಿದ್ದ ಲೆವ್ ಶುಬ್ನಿಕೋವ್, ಸೀಸದ ಮಿಶ್ರಲೋಹಗಳ ಶುದ್ಧ ಹರಳು ಬೆಳೆಸಿ 1936–37ರಲ್ಲಿ ಅಳೆದರು. ಇವು ಮೈಸ್ನರ್ ಕಂಡ ಲೋಹಗಳಂತೆ ವರ್ತಿಸಲಿಲ್ಲ. ಕಾಂತಕ್ಷೇತ್ರ ಏರುತ್ತ ಹೋದಂತೆ ಸ್ವಲ್ಪ ಸ್ವಲ್ಪವೇ ಒಳಗೆ ಬಿಟ್ಟುಕೊಂಡವು. ಅತಿವಾಹಕತೆ ಮಾತ್ರ ಸಾಯಲಿಲ್ಲ, ಬಹು ಬಲವಾದ ಕ್ಷೇತ್ರದವರೆಗೂ ಉಳಿಯಿತು. ಓನ್ಸ್ ಕನಸಿನ ಕಾಂತಕ್ಕೆ ಬೇಕಾಗಿದ್ದ ಕೀಲಿ ಇದೇ. ಶುಬ್ನಿಕೋವ್ ಅವರನ್ನು 1937ರಲ್ಲಿ ಸುಳ್ಳು ಆರೋಪ ಹೊರಿಸಿ ಬಂಧಿಸಿದರು, ಅದೇ ವರ್ಷ ಗುಂಡಿಕ್ಕಿ ಕೊಂದರು. ಅವರ ಕೆಲಸ ಮರೆವಿಗೆ ಸಂದಿತು. ಅಲೆಕ್ಸಿ ಅಬ್ರಿಕೋಸೋವ್ ಇದರ ಸಿದ್ಧಾಂತ ಪ್ರಕಟಿಸಿದ್ದು ಇಪ್ಪತ್ತು ವರ್ಷಗಳ ನಂತರ. ಕಾಂತಕ್ಷೇತ್ರ ಇಂಥ ವಸ್ತುಗಳೊಳಗೆ ಸಣ್ಣ ಸಣ್ಣ ಸುಳಿಗಳಾಗಿ ಸಾಲುಗಟ್ಟಿ ನುಗ್ಗುತ್ತದೆ, ಸುಳಿಗಳ ನಡುವಿನ ಜಾಗ ಅತಿವಾಹಕವಾಗಿಯೇ ಇರುತ್ತದೆ ಎಂದರು ಅವರು. 2003ರಲ್ಲಿ ಅವರಿಗೆ ನೊಬೆಲ್ ಬಂತು. ಇಂದಿನ ಪ್ರತಿಯೊಂದು ಅತಿವಾಹಕ ಕಾಂತವೂ ಶುಬ್ನಿಕೋವ್ ಅಳೆದ ಈ ಎರಡನೇ ಬಗೆಯ ವಸ್ತುವಿನದೇ.

ಎಲೆಕ್ಟ್ರಾನುಗಳ ಜೋಡಿ

ಅತಿವಾಹಕತೆ ಯಾಕೆ ಎಂಬ ಪ್ರಶ್ನೆಗೆ ಉತ್ತರ ಹುಡುಕಿ ಸೋತವರ ಪಟ್ಟಿಯಲ್ಲಿ ಐನ್‌ಸ್ಟೈನ್, ಬೋರ್, ಹೈಸೆನ್‌ಬರ್ಗ್, ಫೈನ್‌ಮನ್ ಎಲ್ಲರೂ ಇದ್ದಾರೆ. ಉತ್ತರ ಬಂದದ್ದು 1957ರಲ್ಲಿ, ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಮೂವರಿಂದ: ಜಾನ್ ಬಾರ್ಡೀನ್, ಲಿಯಾನ್ ಕೂಪರ್, ರಾಬರ್ಟ್ ಶ್ರೀಫರ್. ಅವರಿಗೂ ಸುಳಿವು ಸಿಕ್ಕಿದ್ದು ಒಂದು ಅಳತೆಯಿಂದಲೇ. ಪಾದರಸದ ಭಾರದ ಐಸೋಟೋಪು, ಹಗುರ ಐಸೋಟೋಪುಗಳು ಬೇರೆ ಬೇರೆ ತಾಪದಲ್ಲಿ ಅತಿವಾಹಕವಾಗುತ್ತವೆ ಎಂದು 1950ರಲ್ಲಿ ಎರಡು ತಂಡಗಳು ಕಂಡುಕೊಂಡಿದ್ದವು. ರೋಧ ಎಲೆಕ್ಟ್ರಾನುಗಳ ವ್ಯವಹಾರ. ಪರಮಾಣುವಿನ ತೂಕಕ್ಕೆ ಅಲ್ಲೇನು ಕೆಲಸ? ಪರಮಾಣುಗಳ ಕಂಪನಕ್ಕೂ ಇದರಲ್ಲಿ ಪಾಲಿದೆ ಎಂದರೆ ಮಾತ್ರ ಇದು ಅರ್ಥವಾಗುತ್ತದೆ.

ಮಾಮೂಲು ತಂತಿಯಲ್ಲಿ ಎಲೆಕ್ಟ್ರಾನು ಒಂಟಿ. ಕಂಪಿಸುವ ಪರಮಾಣುಗಳಿಗೆ, ಕಲ್ಮಶಗಳಿಗೆ ಬಡಿದು ದಾರಿ ತಪ್ಪುತ್ತ, ಶಕ್ತಿ ಕಳೆದುಕೊಳ್ಳುತ್ತ ಹೋಗುತ್ತದೆ. ತಂತಿ ಬಿಸಿಯಾಗುವುದು ಇದರಿಂದ. ಈಗ ತೀರಾ ತಣ್ಣಗಿನ ಲೋಹವನ್ನು ಊಹಿಸಿಕೊಳ್ಳಿ. ಋಣ ಆವೇಶದ ಎಲೆಕ್ಟ್ರಾನು ಹಾದುಹೋಗುವಾಗ ಸುತ್ತಲಿನ ಧನ ಆವೇಶದ ಅಯಾನುಗಳು ಅದರತ್ತ ತುಸು ವಾಲುತ್ತವೆ. ಅವು ಭಾರ, ಎಲೆಕ್ಟ್ರಾನು ಹಗುರ. ಅವು ತಮ್ಮ ಜಾಗಕ್ಕೆ ಮರಳುವ ಹೊತ್ತಿಗೆ ಎಲೆಕ್ಟ್ರಾನು ಬಹುದೂರ ಹೋಗಿರುತ್ತದೆ. ಅದು ಬಿಟ್ಟುಹೋದ ಧನ ಆವೇಶದ ಜಾಡು ಇನ್ನೊಂದು ಎಲೆಕ್ಟ್ರಾನನ್ನು ಸೆಳೆಯುತ್ತದೆ. ಪರಸ್ಪರ ದೂಡಬೇಕಾದ ಎರಡು ಎಲೆಕ್ಟ್ರಾನುಗಳು ಹೀಗೆ ಜೋಡಿಯಾಗುತ್ತವೆ. ಈ ಜೋಡಿಯ ಇಬ್ಬರ ನಡುವಿನ ಅಂತರ ಪರಮಾಣುಗಳ ನಡುವಿನ ಅಂತರದ ಸಾವಿರಾರು ಪಟ್ಟು ಇರಬಹುದು. ಅಷ್ಟು ಜಾಗದೊಳಗೆ ಲಕ್ಷಾಂತರ ಬೇರೆ ಜೋಡಿಗಳೂ ಹೆಣೆದುಕೊಂಡಿರುತ್ತವೆ. ಹಾಗಾಗಿ ಅವು ಬಿಡಿಬಿಡಿಯಾಗಿ ಇರಲಾರವು, ಎಲ್ಲವೂ ಸೇರಿ ಒಂದೇ ಕ್ವಾಂಟಂ ಅಲೆಯಾಗುತ್ತವೆ. ಜಾತ್ರೆಯಲ್ಲಿ ಸಾವಿರ ಜನ ಒಂದೇ ಹಗ್ಗ ಹಿಡಿದು ತೇರೆಳೆಯುವಾಗ ಒಬ್ಬ ಎಡವಿದರೆ ತೇರು ನಿಲ್ಲುವುದಿಲ್ಲವಲ್ಲ, ಹಾಗೆ. ಒಂದು ಎಲೆಕ್ಟ್ರಾನನ್ನು ಅಡ್ಡದಾರಿಗೆ ಎಳೆಯಬೇಕಾದರೆ ಜೋಡಿ ಮುರಿಯಬೇಕು, ಅದಕ್ಕೊಂದು ಕನಿಷ್ಠ ಶಕ್ತಿ ಬೇಕು. ಆ ಚಳಿಯಲ್ಲಿ ಪರಮಾಣುಗಳ ಕಂಪನಕ್ಕೆ ಅಷ್ಟು ತ್ರಾಣವಿಲ್ಲ. ರೋಧ ಸೊನ್ನೆಯಾಗುವುದು ಹೀಗೆ.

ಒಂದು ಸೋಜಿಗವನ್ನೂ ಈ ಸಿದ್ಧಾಂತ ಬಿಡಿಸುತ್ತದೆ. ನಮಗೆ ಗೊತ್ತಿರುವ ಅತ್ಯುತ್ತಮ ವಾಹಕಗಳಾದ ಬೆಳ್ಳಿ, ತಾಮ್ರ, ಚಿನ್ನ ಇದುವರೆಗೆ ಎಷ್ಟು ತಣಿಸಿದರೂ ಅತಿವಾಹಕವಾಗಿಲ್ಲ. ಅವುಗಳಲ್ಲಿ ಎಲೆಕ್ಟ್ರಾನುಗಳಿಗೂ ಪರಮಾಣುಗಳಿಗೂ ನಂಟು ಕಡಿಮೆ, ಅದಕ್ಕೇ ವಿದ್ಯುತ್ ಸಲೀಸಾಗಿ ಹರಿಯುತ್ತದೆ. ನಂಟು ಕಡಿಮೆಯಾದ್ದರಿಂದಲೇ ಜೋಡಿಯೂ ಕಟ್ಟುವುದಿಲ್ಲ.

ಟ್ರಾನ್ಸಿಸ್ಟರಿಗಾಗಿ 1956ರಲ್ಲೇ ನೊಬೆಲ್ ಪಡೆದಿದ್ದ ಬಾರ್ಡೀನ್‌ಗೆ 1972ರಲ್ಲಿ ಈ ಕೆಲಸಕ್ಕಾಗಿ ಎರಡನೆಯದೂ ಬಂತು. ಭೌತವಿಜ್ಞಾನದಲ್ಲಿ ಎರಡು ನೊಬೆಲ್ ಪಡೆದವರು ಅವರೊಬ್ಬರೇ. ಆದರೆ 1962ರಲ್ಲಿ ಕೇಂಬ್ರಿಡ್ಜಿನ 22ರ ಹುಡುಗ ಬ್ರಯಾನ್ ಜೋಸೆಫ್ಸನ್, ತೆಳುವಾದ ಅವಾಹಕ ಪದರವನ್ನೂ ದಾಟಿ ಈ ಜೋಡಿಗಳು ಹರಿಯಬಲ್ಲವು ಎಂದಾಗ, ಸಾಧ್ಯವಿಲ್ಲ ಎಂದವರೂ ಇದೇ ಬಾರ್ಡೀನ್. ಮರುವರ್ಷವೇ ಬೆಲ್ ಪ್ರಯೋಗಾಲಯದ ಅಳತೆ ಹುಡುಗನ ಪರ ನಿಂತಿತು. ಸಿದ್ಧಾಂತ ಮುಂದೆ ನಡೆದು ಅಳತೆ ಹಿಂಬಾಲಿಸಿದ ಅಪರೂಪದ ಪ್ರಸಂಗ ಇದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಿದುಳಿನ ಕಾಂತಕ್ಷೇತ್ರ ಅಳೆಯುವ ಎಂಇಜಿ ಯಂತ್ರವಿದೆ. ಭೂಮಿಯ ಕಾಂತಕ್ಷೇತ್ರದ ಕೋಟಿಯ ಒಂದು ಭಾಗಕ್ಕಿಂತಲೂ ಕ್ಷೀಣವಾದ ಮಿದುಳಿನ ಸಂಕೇತವನ್ನು ಹಿಡಿಯುವುದು ಅತಿವಾಹಕಗಳ ನಡುವೆ ಅಂಥ ತೆಳು ಪದರವಿರುವ ಜೋಸೆಫ್ಸನ್ ಸಂಧಿಗಳೇ. ಕ್ವಾಂಟಂ ಕಂಪ್ಯೂಟರುಗಳ ಒಂದು ದೊಡ್ಡ ಕವಲು ನಿಂತಿರುವುದೂ ಇವುಗಳ ಮೇಲೆ. 2025ರ ಭೌತವಿಜ್ಞಾನ ನೊಬೆಲ್ ಸಂದದ್ದು ಇಂಥ ಸಂಧಿಗಳಿರುವ ವಿದ್ಯುತ್ ಮಂಡಲಗಳ ಮೇಲೆ 1980ರ ದಶಕದಲ್ಲಿ ನಡೆದ ಪ್ರಯೋಗಗಳಿಗೆ.

ಕಪ್ಪು ಪಿಂಗಾಣಿಯ ವರ್ಷ

ಅತಿವಾಹಕತೆ ಉಳಿಯುವ ಅತಿ ಹೆಚ್ಚಿನ ತಾಪದ ದಾಖಲೆ 1973ರ ಹೊತ್ತಿಗೆ 23 ಕೆಲ್ವಿನ್‌ಗೆ ಬಂದು ನಿಂತಿತ್ತು. ಇನ್ನು 30ರ ಮೇಲೆ ಹೋಗುವುದು ಕಷ್ಟ ಎಂದು ಹೆಚ್ಚಿನವರು ನಂಬಿದ್ದರು. ಜ್ಯೂರಿಕ್ ಬಳಿಯ ಐಬಿಎಂ ಪ್ರಯೋಗಾಲಯದ ಅಲೆಕ್ಸ್ ಮ್ಯೂಲರ್ ಮತ್ತು ಗಿಯಾರ್ಗ್ ಬೆಡ್ನೋರ್ಜ್ ಮಾತ್ರ ಲೋಹ ಬಿಟ್ಟು ಆಕ್ಸೈಡುಗಳಲ್ಲಿ, ಅಂದರೆ ಪಿಂಗಾಣಿಯ ಜಾತಿಯ ವಸ್ತುಗಳಲ್ಲಿ ಹುಡುಕುತ್ತಿದ್ದರು. 1986ರ ಜನವರಿಯಲ್ಲಿ ಲ್ಯಾಂಥನಂ, ಬೇರಿಯಂ, ತಾಮ್ರದ ಆಕ್ಸೈಡಿನ ರೋಧ 35 ಕೆಲ್ವಿನ್ ಹತ್ತಿರ ಕುಸಿಯತೊಡಗಿತು. ಈ ವಸ್ತುವನ್ನು ಫ್ರಾನ್ಸಿನ ಕಾನ್ ನಗರದ ರಸಾಯನವಿಜ್ಞಾನಿಗಳು ಹಿಂದಿನ ವರ್ಷವೇ ತಯಾರಿಸಿದ್ದರು, ಅದರ ವಾಹಕತೆಯನ್ನೂ ಅಳೆದಿದ್ದರು. ಮೈನಸ್ 100 ಡಿಗ್ರಿಯಲ್ಲಿ ಅಳತೆ ನಿಲ್ಲಿಸಿದ್ದರು! ಜ್ಯೂರಿಕ್‌ನವರು ತಮ್ಮ ಪ್ರಬಂಧದ ಶೀರ್ಷಿಕೆಯಲ್ಲೇ ಇದು ಸಾಧ್ಯತೆ ಎಂದಷ್ಟೇ ಹೇಳಿದರು, ಕಾಂತಕ್ಷೇತ್ರದ ಪರೀಕ್ಷೆ ಮುಗಿಸಿದ ಮೇಲೆಯೇ ಖಚಿತವಾಗಿ ಮಾತಾಡಿದರು. ಮರುವರ್ಷವೇ ನೊಬೆಲ್ ಅವರ ಮನೆ ಬಾಗಿಲಿಗೆ ಬಂತು.

1987ರ ಜನವರಿಯಲ್ಲಿ ಅಮೆರಿಕದ ಮೌ-ಕ್ವೆನ್ ವೂ ಮತ್ತು ಪಾಲ್ ಚೂ ತಂಡಗಳು ಲ್ಯಾಂಥನಮ್ಮಿನ ಜಾಗದಲ್ಲಿ ಇಟ್ರಿಯಂ ಹಾಕಿ 93 ಕೆಲ್ವಿನ್ ಮುಟ್ಟಿದವು. ಇದು ಬರೀ ಅಂಕಿಯಲ್ಲ. ದ್ರವ ನೈಟ್ರೋಜನ್ ಕುದಿಯುವುದು 77 ಕೆಲ್ವಿನ್‌ನಲ್ಲಿ. ಹೀಲಿಯಂ ಅಪರೂಪ, ದುಬಾರಿ. ನೈಟ್ರೋಜನ್ ಗಾಳಿಯಲ್ಲೇ ಇದೆ. ನಮ್ಮ ಹಳ್ಳಿಗಳ ಪಶು ಆಸ್ಪತ್ರೆಗಳಲ್ಲಿ ಕೃತಕ ಗರ್ಭಧಾರಣೆಯ ವೀರ್ಯ ಕೆಡದಂತೆ ಇಡುವ ಕ್ಯಾನುಗಳಲ್ಲಿ ಇರುವುದು ಅದೇ. ಆದರೆ ಆ ಮೊದಲ ಮಾದರಿ ಹಸಿರು, ಕಪ್ಪು ಸಂಯುಕ್ತಗಳ ಮಿಶ್ರಣವಾಗಿತ್ತು. ಅತಿವಾಹಕ ಇದರಲ್ಲಿ ಯಾವುದು?

ಈ ಪ್ರಶ್ನೆಗೆ ಉತ್ತರ ಕೊಟ್ಟ ತಂಡಗಳಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯದೂ ಒಂದು. ಸಿ.ಎನ್.ಆರ್. ರಾವ್ ಮತ್ತು ಪಿ. ಗಂಗೂಲಿ ಲ್ಯಾಂಥನಂ-ತಾಮ್ರದ ಆಕ್ಸೈಡುಗಳ ರಚನೆ, ಗುಣಗಳನ್ನು 1986ಕ್ಕೂ ಮೊದಲೇ ಅಧ್ಯಯನ ಮಾಡಿದ್ದರಿಂದ ಅವರಿಗೆ ಇದು ಹೊಸ ಊರಾಗಿರಲಿಲ್ಲ. ಒಂದು ಪಾಲು ಇಟ್ರಿಯಂ, ಎರಡು ಬೇರಿಯಂ, ಮೂರು ತಾಮ್ರವಿರುವ ಸಂಯುಕ್ತವೇ ಅತಿವಾಹಕ ಎಂದು ಗುರುತಿಸಿದ ಅವರ ಪ್ರಬಂಧ 1987ರ 'ನೇಚರ್' ಪತ್ರಿಕೆಯಲ್ಲಿದೆ. ಪ್ರಿನ್ಸ್‌ಟನ್ನಿನಲ್ಲಿ ಫಿಲಿಪ್ ಆಂಡರ್ಸನ್ ಜೊತೆ ಸೇರಿ ಈ ವಸ್ತುಗಳಿಗೆ ಹೊಸದೇ ಸಿದ್ಧಾಂತ ಹೂಡಿದ ಗಣಪತಿ ಬಾಸ್ಕರನ್ ಡಾಕ್ಟರೇಟ್ ಪಡೆದದ್ದೂ ಬೆಂಗಳೂರಿನ ಇದೇ ಸಂಸ್ಥೆಯಲ್ಲಿ. ಆ ವರ್ಷದ ಮಾರ್ಚ್ 18ರಂದು ನ್ಯೂಯಾರ್ಕಿನ ಹೋಟೆಲೊಂದರಲ್ಲಿ ಈ ಹೊಸ ಅತಿವಾಹಕಗಳ ಬಗ್ಗೆ ನಡೆದ ಗೋಷ್ಠಿಗೆ ಸುಮಾರು ಎರಡು ಸಾವಿರ ವಿಜ್ಞಾನಿಗಳು ನುಗ್ಗಿ ಬೆಳಗಿನ ಜಾವ ಮೂರರವರೆಗೂ ಕದಲದೆ ಕುಳಿತರು.

ಈ ತಾಮ್ರದ ಆಕ್ಸೈಡುಗಳಲ್ಲಿ ಎಲೆಕ್ಟ್ರಾನುಗಳು ಜೋಡಿಯಾಗುವುದು ಖಚಿತ. ಯಾವುದರ ಬಲದಿಂದ ಎಂಬುದಕ್ಕೆ ಸುಮಾರು ನಾಲ್ಕು ದಶಕಗಳ ನಂತರವೂ ಎಲ್ಲರೂ ಒಪ್ಪುವ ಉತ್ತರವಿಲ್ಲ.

ಬಳಕೆಯಲ್ಲಿ ಮಾತ್ರ ಇಂದಿಗೂ ಹಳೆಯ ನಿಯೋಬಿಯಂ-ಟೈಟೇನಿಯಂ ತಂತಿಯದೇ ದರ್ಬಾರು. ಪಿಂಗಾಣಿ ಪೆಡಸು, ತಂತಿ ಎಳೆಯಲು ಬಾರದು. ಪಟ್ಟಿಯ ಮೇಲೆ ಲೇಪಿಸಿ ಪಳಗಿಸಲು ದಶಕಗಳೇ ಹಿಡಿದವು. ಜರ್ಮನಿಯ ಎಸ್ಸೆನ್ ನಗರದಲ್ಲಿ 2014ರಲ್ಲಿ ಒಂದು ಕಿಲೋಮೀಟರ್ ಉದ್ದದ ಪಿಂಗಾಣಿ ಅತಿವಾಹಕದ ಕೇಬಲ್ ನೆಲದಡಿ ಹಾಕಿದರು. ಆಸ್ಪತ್ರೆಗಳ ಎಂಆರ್‌ಐ ಯಂತ್ರದೊಳಗೆ ಇರುವುದು ದ್ರವ ಹೀಲಿಯಮ್ಮಿನಲ್ಲಿ ತಣಿದ ನಿಯೋಬಿಯಂ ಸುರುಳಿಯೇ. ಒಮ್ಮೆ ತುಂಬಿದ ಪ್ರವಾಹ ಕರೆಂಟು ಹೋದರೂ ಸುತ್ತುತ್ತಿರುತ್ತದೆ, ಆಯಸ್ಕಾಂತ ರಾತ್ರಿಯೂ ಮಲಗುವುದಿಲ್ಲ. 2018ರಲ್ಲಿ ಮುಂಬೈಯ ಆಸ್ಪತ್ರೆಯೊಂದರಲ್ಲಿ ಆಕ್ಸಿಜನ್ ಸಿಲಿಂಡರ್ ಹಿಡಿದು ಒಳಹೋದ ಯುವಕ ಪ್ರಾಣ ಕಳೆದುಕೊಂಡದ್ದು ಈ ಸಂಗತಿ ಅಲ್ಲಿದ್ದವರ ಗಮನಕ್ಕೆ ಬಾರದ್ದರಿಂದ. ಆ ಕೋಣೆಯ ಬಾಗಿಲಲ್ಲಿ ಸಿಬ್ಬಂದಿ ಹೇಳುವ ಮಾತನ್ನು ದಯವಿಟ್ಟು ಅಕ್ಷರಶಃ ಪಾಲಿಸಿ.

ಜಿನೀವಾದ 27 ಕಿಲೋಮೀಟರ್ ಸುತ್ತಳತೆಯ ಹ್ಯಾಡ್ರಾನ್ ಕೊಲೈಡರ್‌ನಲ್ಲಿ ಕಣಗಳನ್ನು ಬಾಗಿಸುವ 1,232 ದೊಡ್ಡ ಕಾಂತಗಳೂ ಇದೇ ತಂತಿಯವು, 1.9 ಕೆಲ್ವಿನ್‌ನಲ್ಲಿ ತಣಿದವು. 2008ರ ಸೆಪ್ಟೆಂಬರ್ 19ರಂದು, ಯಂತ್ರ ಶುರುವಾದ ಒಂಬತ್ತು ದಿನಗಳ ನಂತರ, ಎರಡು ಕಾಂತಗಳ ನಡುವಿನ ಒಂದೇ ಒಂದು ಬೆಸುಗೆಯಲ್ಲಿ ಇರಬಾರದಿದ್ದ ಅತಿ ಅಲ್ಪ ರೋಧ ಉಳಿದಿತ್ತು. ಅಲ್ಲಿ ಬಿಸಿಯೇರಿ ಅತಿವಾಹಕತೆ ಕಳೆದು, ಕಿಡಿ ಹಾರಿ, ಟನ್ನುಗಟ್ಟಲೆ ಹೀಲಿಯಂ ಸುರಂಗಕ್ಕೆ ನುಗ್ಗಿತು. ಐವತ್ತಕ್ಕೂ ಹೆಚ್ಚು ಕಾಂತಗಳನ್ನು ಹೊರತೆಗೆಯಬೇಕಾಯಿತು. ದುರಸ್ತಿಗೆ ಒಂದು ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು.

ಕೋಣೆಯ ತಾಪದ ಅತಿವಾಹಕ ಸಿಕ್ಕಿತು ಎಂಬ ಸುದ್ದಿ ಈಗ ಎರಡು ಮೂರು ವರ್ಷಕ್ಕೊಮ್ಮೆ ಬರುತ್ತಿದೆ. ಅದರಲ್ಲಿ ಗಟ್ಟಿ ಕಾಳೂ ಇದೆ: ಜರ್ಮನಿಯ ಮೈಂಜ್‌ನಲ್ಲಿ ಮಿಖಾಯಿಲ್ ಎರೆಮೆಟ್ಸ್ ತಂಡ 2015ರಲ್ಲಿ ಗಂಧಕದ ಹೈಡ್ರೈಡನ್ನು 203 ಕೆಲ್ವಿನ್‌ನಲ್ಲಿ, ಆಮೇಲೆ ಲ್ಯಾಂಥನಂ ಹೈಡ್ರೈಡನ್ನು 250ರ ಆಸುಪಾಸಿನಲ್ಲಿ ಅತಿವಾಹಕವಾಗಿಸಿತು. ಆದರೆ ವಾತಾವರಣದ ಒತ್ತಡದ ಹದಿನೈದು ಲಕ್ಷ ಪಟ್ಟಿಗೂ ಮೀರಿ ವಜ್ರಗಳ ನಡುವೆ ಹಿಂಡಿದಾಗ ಮಾತ್ರ. ಅಮೆರಿಕದ ರಾಚೆಸ್ಟರ್ ವಿಶ್ವವಿದ್ಯಾಲಯದಿಂದ 2020ರಲ್ಲಿ, 2023ರಲ್ಲಿ ಬಂದ ಎರಡು ದೊಡ್ಡ ಘೋಷಣೆಗಳನ್ನು 'ನೇಚರ್' ಹಿಂಪಡೆಯಿತು. 2018ರಲ್ಲಿ ಬೆಂಗಳೂರಿನಿಂದಲೇ ಚಿನ್ನ-ಬೆಳ್ಳಿಯ ಸೂಕ್ಷ್ಮ ಕಣಗಳ ಬಗ್ಗೆ 236 ಕೆಲ್ವಿನ್‌ನ ವರದಿ ಬಂತು. ಎರಡು ಬೇರೆ ಬೇರೆ ಅಳತೆಗಳ ಸಣ್ಣಪುಟ್ಟ ಏರಿಳಿತಗಳು ಒಂದೇ ತರ ಇರುವುದನ್ನು ಅಮೆರಿಕದ ಭೌತವಿಜ್ಞಾನಿಯೊಬ್ಬರು ಎತ್ತಿ ತೋರಿಸಿದರು. ತಂಡ ಮರುವರ್ಷ ಇನ್ನಷ್ಟು ಅಳತೆಗಳೊಂದಿಗೆ ಪರಿಷ್ಕೃತ ವರದಿ ಕೊಟ್ಟಿತಾದರೂ ಅದಕ್ಕೆ ಸರ್ವಸಮ್ಮತಿ ಸಿಕ್ಕಿಲ್ಲ. 2023ರ ಜುಲೈನಲ್ಲಿ ದಕ್ಷಿಣ ಕೊರಿಯಾದಿಂದ ಬಂದ ಎಲ್‌ಕೆ-99 ಮೊಬೈಲುಗಳಲ್ಲಿ ಕುಣಿದಾಡಿತು. ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯವೂ ಸೇರಿದಂತೆ ಹಲವರು ಕೆಲವೇ ದಿನಗಳಲ್ಲಿ ಅದನ್ನು ತಯಾರಿಸಿ ಅಳೆದರು, ಅತಿವಾಹಕತೆ ಸಿಗಲಿಲ್ಲ. ರೋಧ ಹಠಾತ್ತನೆ ಇಳಿದದ್ದು ಅದರೊಳಗೆ ಸೇರಿದ್ದ ತಾಮ್ರದ ಸಲ್ಫೈಡ್ ಎಂಬ ಕಲ್ಮಶದಿಂದ. ಶುದ್ಧ ಹರಳು ಬೆಳೆಸಿದಾಗ ಅದು ವಾಹಕವೇ ಆಗಿರಲಿಲ್ಲ.

ಕೋಣೆಯ ತಾಪದಲ್ಲಿ, ಮಾಮೂಲು ಒತ್ತಡದಲ್ಲಿ ಕೆಲಸ ಮಾಡುವ ಅತಿವಾಹಕ ಸಿಗಬಾರದು ಎನ್ನುವ ಯಾವ ನಿಯಮವೂ ನಮಗೆ ಗೊತ್ತಿಲ್ಲ. ಸಿಗಲಿ ಎಂದು ನಾನೂ ಮನಸಾರೆ ಹಾರೈಸುತ್ತೇನೆ. ಮುಂದಿನ ಸಲ ಅಂಥ ಸುದ್ದಿ ನಿಮ್ಮ ಮೊಬೈಲಿಗೆ ಬಂದಾಗ, ಇನ್ನೊಬ್ಬರಿಗೆ ಕಳಿಸುವ ಮುನ್ನ ಮೂರು ಮಾತು ವಿಚಾರಿಸಿ. ರೋಧ ನಿಜಕ್ಕೂ ಸೊನ್ನೆಗೆ ಬಂತೇ, ಇಳಿಯಿತಷ್ಟೆಯೇ? ಕಾಂತಕ್ಷೇತ್ರ ಹೊರಬಿದ್ದುದನ್ನು ಅಳೆದಿದ್ದಾರೆಯೇ? ಇನ್ನೊಂದು ಪ್ರಯೋಗಾಲಯ ಅದನ್ನೇ ತಯಾರಿಸಿ ಅದೇ ಅಂಕಿ ಪಡೆದಿದೆಯೇ? ಮೂರಕ್ಕೂ ಹೌದು ಎಂಬ ಉತ್ತರ ಬಂದ ದಿನ, ಆ ಸುದ್ದಿಯನ್ನು ಎಲ್ಲರಿಗೂ ಕಳಿಸಿ.